ದೀಪದ ಗಾಜು ತೊಳೆದ ಕಥೆ

ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದರೆ ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಒಂದು ಸಣ್ಣ ಹಳ್ಳಿ. ಸುತ್ತ ಹೊಗೆಸೊಪ್ಪಿನ ಹೊಲ, ನಡುನಡುವೆ ಸೊಪ್ಪು ಬೇಯಿಸುವ ಬ್ಯಾರನ್ನುಗಳು. ಹಬ್ಬಕ್ಕೆ ಮನೆ ಗುಡಿಸಿ, ಸಾರಿಸಿ, ಸುಣ್ಣ ಬಳಿದು ಎಲ್ಲಾ ಮುಗಿದಿತ್ತು. ನಾನು ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುವವನ ಹಾಗೆ ಕೂತಿದ್ದೆ. ಪಕ್ಕದಲ್ಲಿ ಅಜ್ಜಿ, ಮಡಿಲಲ್ಲಿ ಮೊರ, ಮೊರದಲ್ಲಿ ಹುರುಳಿ. ಕಲ್ಲು ಆರಿಸುತ್ತಿದ್ದಳು. ಸ್ವಲ್ಪ ಹೊತ್ತು ಆರಿಸಿ ತಲೆ ಎತ್ತಿ ದೀಪ ನೋಡಿದಳು.

"ಮಗ, ಈ ದೀಪ ಕತ್ಲಾಗದೆ ಕಣ್ಲಾ."

"ಇಲ್ಲ ಅಜ್ಜಿ, ಚೆನ್ನಾಗೇ ಉರೀತಿದೆಯಲ್ಲ" ಅಂದೆ. ಬಲ್ಬು ಹೊಸದು. ಹೋದ ಸಲ ಬಂದಾಗ ನಾನೇ ತಂದುಕೊಟ್ಟ 9 ವ್ಯಾಟಿನ ಎಲ್‌ಇಡಿ, ಹಳೇ ಲೆಕ್ಕದಲ್ಲಿ 60 ಕ್ಯಾಂಡಲ್ ಬಲ್ಬಿಗೆ ಸಮ. ಎರಡು ವರ್ಷದ ಹಿಂದೆ ಅಜ್ಜಿಗೆ ಕಣ್ಣಿನ ಪೊರೆ ತೆಗೆಸಿದ್ದೂ ಆಗಿತ್ತು. ಹಾಗಾಗಿ ಮನೆಯಲ್ಲಿ ಎಲ್ಲರದ್ದೂ ಒಂದೇ ತೀರ್ಮಾನ: ವಯಸ್ಸಾಯ್ತು. ಅಜ್ಜಿ ಆರಿಸಿಟ್ಟ ಹುರುಳಿಯನ್ನು ಅವ್ವ ಅಡುಗೆಮನೆಯಲ್ಲಿ ಸದ್ದಿಲ್ಲದೆ ಇನ್ನೊಂದು ಸಲ ಆರಿಸುತ್ತಿದ್ದಳು. ಅದು ಅಜ್ಜಿಗೂ ಗೊತ್ತಿತ್ತು, ಅಂತ ನನಗೆ ಆಮೇಲೆ ತಿಳಿಯಿತು.

"ಬಲ್ಬಲ್ಲ ಕಣ್ಲಾ, ಗಾಜು. ಗಾಜು ತೊಳ್ದು ಎಷ್ಟು ವರ್ಸಾಯ್ತು?"

ತಲೆ ಎತ್ತಿ ನೋಡಿದೆ. ನಡುಮನೆಯ ತೊಲೆಗೆ ತಿರುಪು ಹಾಕಿ ಕೂರಿಸಿದ, ಬೋಗುಣಿ ಆಕಾರದ ಗಾಜು. ನಾನು ಹುಟ್ಟುವ ಮೊದಲಿಂದ ಅಲ್ಲೇ ಇದೆ. ಅದರ ಬಣ್ಣ ಕಂದು ಅಂತಲೇ ನಾನು ಇಷ್ಟು ದಿನ ಅಂದುಕೊಂಡಿದ್ದೆ!

ಆ ಗಾಜು ತೆಗೆದು ತೊಳೆಯೋಕೆ ಹೋಗಿ ಏನೇನೋ ಯೋಚನೆ ಹತ್ತಿತು. ಇಂಜಿನಿಯರಿಂಗ್ ಓದಿದ ತಪ್ಪಿಗೆ ಯಾವ ವಸ್ತು ನೋಡಿದರೂ ಇದು ಯಾಕೆ ಹೀಗಿದೆ, ಯಾವಾಗ ಬಂತು ಅನ್ನಿಸುತ್ತದೆ. ದೀಪಕ್ಕೆ ಗಾಜು ಯಾಕೆ ಬಂತು? ನಮ್ಮ ಕಡೆಗೆ ಯಾವಾಗ ಬಂತು? ಅದನ್ನು ತೊಳೆಯುತ್ತಿದ್ದವರು ಯಾರು? ಅಜ್ಜಿಯನ್ನು ಕೇಳಿದೆ, ಸ್ವಲ್ಪ ಓದಿದೆ. ಸಿಕ್ಕಿದ್ದು ಇಲ್ಲಿದೆ.

ಮೊದಲು ನಮ್ಮ ದೀಪಗಳಿಗೆ ಗಾಜೇ ಇರಲಿಲ್ಲ. ಹಣತೆ, ಕಂಚಿನ ದೀಪ, ಹೊಂಗೆ ಎಣ್ಣೆ, ಹರಳೆಣ್ಣೆ, ಹಿಪ್ಪೆ ಎಣ್ಣೆ. ಎಲ್ಲಾ ಹೊಲದ ಬದುವಿನಲ್ಲೇ ಹುಟ್ಟುವ ಎಣ್ಣೆ. ಇಂಥ ದೀಪಕ್ಕೆ ಗಾಳಿಯಿಂದ ಮರೆ ಬೇಕಾದರೆ ಗೋಡೆಯಲ್ಲೊಂದು ಗೂಡು ಇದ್ದರೆ ಸಾಕಾಗಿತ್ತು. ನಮ್ಮ ಹಳೇ ಮನೆಯ ಗೋಡೆಯಲ್ಲಿ ಆ ಗೂಡುಗಳು ಈಗಲೂ ಇವೆ. ಈಗ ಅಲ್ಲಿ ಮೊಬೈಲ್ ಚಾರ್ಜಿಗೆ ಇಡುತ್ತಾರೆ, ಅಷ್ಟೇ ವ್ಯತ್ಯಾಸ :-)

ಗಾಜು ಬಂದದ್ದು ಹೊರಗಿಂದ. 1780ರ ದಶಕದಲ್ಲಿ ಜಿನೀವಾದ ಐಮಿ ಆರ್ಗಾಂಡ್ ಎನ್ನುವವನು ದೀಪದ ಬತ್ತಿಯನ್ನು ಕೊಳವೆಯ ಹಾಗೆ ಮಾಡಿದ. ಅದರ ಸುತ್ತ ಗಾಜಿನ ಕೊಳವೆ ಇಟ್ಟಾಗ ಬೆಳಕು ಹಲವು ಪಟ್ಟು ಹೆಚ್ಚಾಯಿತು. ಗಾಜು ಗಾಳಿಗೆ ಮರೆ ಮಾತ್ರ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಗಾಜಿನೊಳಗೆ ಬಿಸಿಯಾದ ಗಾಳಿ ಮೇಲಕ್ಕೆ ಓಡುತ್ತದೆ, ಕೆಳಗಿಂದ ತಣ್ಣನೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಉರಿಗೆ ಬೇಕಾದಷ್ಟು ಆಮ್ಲಜನಕ ಸಿಗುತ್ತದೆ, ಹೊಗೆ ಕಡಿಮೆಯಾಗಿ ಬೆಳಕು ಹೆಚ್ಚುತ್ತದೆ. ಒಲೆಯ ಮೇಲೆ ಹೊಗೆಗೂಡು ಕಟ್ಟಿದರೆ ಒಲೆ ಚೆನ್ನಾಗಿ ಉರಿಯುತ್ತದಲ್ಲ, ಅದೇ ಲೆಕ್ಕ. ಆ ಗಾಜಿಗೆ ಚಿಮಣಿ ಅನ್ನುವ ಹೆಸರು ಬಂದದ್ದೂ ಅದಕ್ಕೇ.

1840-50ರ ದಶಕಗಳಲ್ಲಿ ಕೆನಡಾದ ಅಬ್ರಹಾಂ ಗೆಸ್ನರ್ ಸೀಮೆಎಣ್ಣೆ ತೆಗೆಯುವ ದಾರಿ ತೋರಿಸಿದ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಣ್ಣೆ ಬಾವಿ ಕೊರೆದ ಮೇಲೆ ಸೀಮೆಎಣ್ಣೆ ಅಗ್ಗವಾಯಿತು, ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು. ಹೆಸರಲ್ಲೇ ಇದೆ ನೋಡಿ, ಸೀಮೆಎಣ್ಣೆ. ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ ಥರ ಹೊರಗಿಂದ ಬಂದ ಎಣ್ಣೆ. ಇದರ ಗುಣ ಹೊಂಗೆ ಎಣ್ಣೆಯದ್ದಲ್ಲ. ಗಾಜಿಲ್ಲದೆ ಉರಿಸಿದರೆ ಕಪ್ಪು ಹೊಗೆ ಉಗುಳುತ್ತದೆ. ಬಡವರ ಮನೆಯಲ್ಲಿ ಔಷಧಿ ಸೀಸೆಯ ಮುಚ್ಚಳಕ್ಕೆ ತೂತು ಮಾಡಿ ಬತ್ತಿ ತೂರಿಸಿದ ಬುಡ್ಡಿ ದೀಪ. ಸ್ವಲ್ಪ ಅನುಕೂಲ ಇದ್ದವರ ಮನೆಯಲ್ಲಿ ಗಾಜಿನ ಲಾಟೀನು. ಒಂದೇ ಎಣ್ಣೆ, ವ್ಯತ್ಯಾಸ ಗಾಜಿನದು. ಬುಡ್ಡಿ ದೀಪದ ಕೆಳಗೆ ಓದಿ ಬೆಳಗ್ಗೆ ಮೂಗು ಸೀನಿದರೆ ಮಸಿ ಬರುತ್ತಿತ್ತಂತೆ. ಇದು ಅಪ್ಪ ಹೇಳುವ ಮಾತು.

ಗಾಳಿಗೆ ಆರದ ಲಾಟೀನಿನ ವಿನ್ಯಾಸ 1860ರ ದಶಕದ ಕೊನೆಯದು. ಅಮೆರಿಕದ ಜಾನ್ ಅರ್ವಿನ್ ಎನ್ನುವವನು ಎರಡೂ ಪಕ್ಕದಲ್ಲಿ ತಗಡಿನ ಕೊಳವೆ ಇರುವ ಲಾಟೀನು ಮಾಡಿದ, ಡೀಟ್ಜ್ ಕಂಪನಿ ಅದನ್ನು ಲೋಕಕ್ಕೆಲ್ಲ ಮಾರಿತು. ಆಮೇಲೆ ನಮ್ಮವರೂ ಮಾಡಿದರು. ಮಹಾರಾಷ್ಟ್ರದ ಕರಾಡ್ ಹತ್ತಿರ ಓಗಲೇವಾಡಿಯಲ್ಲಿ 1916ರಲ್ಲಿ ಗಾಜಿನ ಕಾರ್ಖಾನೆ ಶುರುವಾಯಿತು. ಅಲ್ಲಿಂದ ಬಂದ ಪ್ರಭಾಕರ್ ಲಾಟೀನು ಸ್ವದೇಶಿ ಚಳವಳಿಯ ಕಾಲದಲ್ಲಿ ಹೆಸರುವಾಸಿಯಾಗಿತ್ತು.

ಲಾಟೀನನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ನಮ್ಮ ಅಟ್ಟದ ಮೇಲೆ ಇನ್ನೂ ಒಂದಿದೆ, ಇಳಿಸಿ ನೋಡಿದೆ. ಮೇಲಿನ ಉಂಗುರ ಹಿಡಿದು ಎಳೆದರೆ ತಲೆಯ ಭಾಗ ಮೇಲಕ್ಕೆ ಏಳುತ್ತದೆ, ಗಾಜನ್ನು ಓರೆ ಮಾಡಿ ಹೊರಗೆ ತೆಗೆಯಬಹುದು. ಪಕ್ಕದ ತಂತಿಯ ಸನ್ನೆ ಒತ್ತಿದರೆ ಗಾಜು ತಂತಾನೇ ಎದ್ದು ನಿಲ್ಲುತ್ತದೆ, ಬತ್ತಿ ಹಚ್ಚಬಹುದು. ತಿರುಪುಳಿ ಬೇಡ, ಸ್ಟೂಲು ಬೇಡ. ಈ ಗಾಜು ದಿನಾ ಕಪ್ಪಾಗುತ್ತದೆ, ದಿನಾ ತೆಗೆದು ತೊಳೆಯಬೇಕು ಅನ್ನುವುದನ್ನು ಅದನ್ನು ಮಾಡಿದವನು ಒಪ್ಪಿಕೊಂಡೇ ಮಾಡಿದ್ದಾನೆ. ನಮ್ಮ ಸಾಫ್ಟ್‌ವೇರಿನವರು ಕಲಿಯಬೇಕಾದ ಪಾಠ!

ಹಾಗಾದರೆ ದಿನಾ ತೊಳೆಯುತ್ತಿದ್ದವರು ಯಾರು?

"ಇನ್ಯಾರು, ನಾನೇ" ಅಂದಳು ಅಜ್ಜಿ.

ಅಜ್ಜಿ ಮದುವೆಯಾಗಿ ಈ ಮನೆಗೆ ಬಂದದ್ದು 1964ರಲ್ಲಿ. ಸಂಜೆ ದನ ಬರುವ ಮೊದಲು ಲಾಟೀನು ಕೆಲಸ ಮುಗಿಯಬೇಕು. ಗಾಜು ತೆಗೆದು, ಒಲೆಯ ಬೂದಿಯನ್ನು ಒಣ ಬಟ್ಟೆಗೆ ಹಚ್ಚಿ ಒಳಗೆಲ್ಲ ತಿಕ್ಕಬೇಕು. ಗಾಜಿನೊಳಗೆ ದೊಡ್ಡವರ ಕೈ ಹೋಗದು, ಹಾಗಾಗಿ ಆ ಕೆಲಸ ಹೆಚ್ಚಾಗಿ ಮನೆಯ ಮಕ್ಕಳದ್ದು, ಅದರಲ್ಲೂ ಹೆಣ್ಣುಮಕ್ಕಳದ್ದು. ಆಮೇಲೆ ಬತ್ತಿಯ ಕರಕಲನ್ನು ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದರೆ ಉರಿ ಒಂದು ಪಕ್ಕಕ್ಕೆ ನಾಲಗೆ ಚಾಚುತ್ತದೆ, ಗಾಜು ಒಂದೇ ಕಡೆ ಕಪ್ಪಾಗಿ ಕಡೆಗೆ ಸೀಳುತ್ತದೆ. ಬಿಸಿ ಗಾಜಿನ ಮೇಲೆ ಒಂದು ಹನಿ ನೀರು ಬಿದ್ದರೂ ಟಪ್ ಅಂತ ಒಡೆಯುತ್ತದೆ. ಒಡೆದರೆ ಹುಣಸೂರು ಸಂತೆಯ ತನಕ ಬುಡ್ಡಿ ದೀಪವೇ ಗತಿ, ಜೊತೆಗೆ ಅತ್ತೆಯ ಬೈಗುಳ. "ಕೈ ತಪ್ಪಿ ಒಂದ್ ಗಾಜು ಹೋಯ್ತು ಅಂತ ನಮ್ಮತ್ತೆ ಮೂರ್ ದಿನ ಮಾತಾಡ್ಸಿರ್ಲಿಲ್ಲ" ಅಂದು ನಕ್ಕಳು. ಅರವತ್ತು ವರ್ಷ ಆದರೂ ಮರೆತಿಲ್ಲ.

ಬ್ಯಾರನ್ ಕಾಲದಲ್ಲಿ ಲಾಟೀನು ಇನ್ನೂ ಮುಖ್ಯ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಕಡೆಯವರಿಗೆ ಇದು ಗೊತ್ತು, ಬೇರೆಯವರಿಗೆ ಹೇಳುತ್ತೇನೆ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನೊಳಗೆ ತೂಗು ಹಾಕಿ ಐದಾರು ದಿನ ಹಗಲು ರಾತ್ರಿ ಬಿಸಿ ಕೊಡಬೇಕು. ಸುಮಾರು 95 ಡಿಗ್ರಿ ಫ್ಯಾರನ್‌ಹೀಟಿನಿಂದ ಶುರು ಮಾಡಿ ಮೆಲ್ಲಗೆ ಏರಿಸುತ್ತಾ ಕಡೆಗೆ 160ರ ಹತ್ತಿರ ತರಬೇಕು. ಹೆಚ್ಚಾದರೆ ಸೊಪ್ಪು ಕಪ್ಪು, ಕಡಿಮೆಯಾದರೆ ಹಸಿ. ಎರಡಕ್ಕೂ ಹರಾಜಿನಲ್ಲಿ ಬೆಲೆ ಇಲ್ಲ. ನಡುರಾತ್ರಿ ಎದ್ದು ಲಾಟೀನು ಹಿಡಿದು ಥರ್ಮಾಮೀಟರಿನ ಸಣ್ಣ ಗೆರೆ ಓದಬೇಕು. ಗಾಜು ಮಸಿ ಹಿಡಿದಿದ್ದರೆ ಗೆರೆ ಕಾಣುವುದಿಲ್ಲ. ವರ್ಷದ ದುಡಿಮೆ ಸಂಜೆ ತೊಳೆದ ಆ ಗಾಜಿನ ಮೇಲೆ ನಿಂತಿರುತ್ತಿತ್ತು ಅಂದರೆ ತಪ್ಪಲ್ಲ.

ಬಿಸಿ ಗಾಜಿಗೆ ನೀರು ಬಿದ್ದು ಒಡೆಯುವುದು ನಮ್ಮ ಅಜ್ಜಿಯೊಬ್ಬಳ ಕಷ್ಟ ಅಲ್ಲ, ಲೋಕದ ಎಲ್ಲಾ ರೈಲ್ವೆಯವರ ಕಷ್ಟವೂ ಆಗಿತ್ತು. ನಮ್ಮ ಈ ನಾಲ್ಕು ತಾಲ್ಲೂಕುಗಳ ಪೈಕಿ ರೈಲು ಹೋಗುವುದು ಕೆ.ಆರ್.ನಗರದ ಮೇಲೆ, ಮೈಸೂರಿಂದ ಹಾಸನ, ಅರಸೀಕೆರೆ ಕಡೆಗೆ. ಅತ್ತೆಯ ಮನೆ ಕೆ.ಆರ್.ನಗರದಲ್ಲಿ, ಚಿಕ್ಕವನಿದ್ದಾಗ ರೈಲು ನೋಡೋಕೇ ಅಲ್ಲಿಗೆ ಹೋಗುತ್ತಿದ್ದೆ. ಹಳೇ ಕಾಲದ ಸಿಗ್ನಲ್ ಕಂಬಗಳಲ್ಲಿ ಎಣ್ಣೆ ದೀಪ ಇರುತ್ತಿತ್ತು. ಏಣಿ ಹತ್ತಿ ಆ ದೀಪಗಳಿಗೆ ಎಣ್ಣೆ ಹಾಕಿ ಗಾಜು ಒರೆಸುವುದಕ್ಕೇ ರೈಲ್ವೆಯಲ್ಲಿ ಆಳುಗಳಿದ್ದರು. ಉರಿಯುವ ದೀಪದ ಗಾಜಿಗೆ ಮಳೆ ಹೊಡೆದು ಗಾಜು ಒಡೆದರೆ ಸಿಗ್ನಲ್ಲೇ ಇಲ್ಲ, ರೈಲು ಡಿಕ್ಕಿ. 1880-90ರ ದಶಕದಲ್ಲಿ ಜರ್ಮನಿಯ ಒಟ್ಟೊ ಶಾಟ್ ಗಾಜಿಗೆ ಬೋರಾನ್ ಸೇರಿಸಿ, ಬಿಸಿಗೆ ಹೆಚ್ಚು ಹಿಗ್ಗದ ಗಾಜು ಮಾಡಿದ. ಅಮೆರಿಕದ ಕಾರ್ನಿಂಗ್ ಕಂಪನಿ ಅದೇ ಜಾತಿಯ ಗಾಜನ್ನು ರೈಲ್ವೆ ಲಾಟೀನಿಗೆ ಮಾಡಿತು. ಅಲ್ಲಿಂದ 1915ರಲ್ಲಿ ಹುಟ್ಟಿದ್ದೇ ಅಡುಗೆಮನೆಯ ಪೈರೆಕ್ಸ್ ಪಾತ್ರೆ! ಓವನ್ನಿನಲ್ಲಿ ಇಡುವ ಗಾಜಿನ ಬೋಗುಣಿಯ ಅಜ್ಜ ಮಳೆಯಲ್ಲಿ ನಿಂತ ಸಿಗ್ನಲ್ ದೀಪ ಅಂದರೆ ನಂಬುತ್ತೀರಾ?

ಈಗ ಕರೆಂಟಿನ ಕಥೆಗೆ ಬರೋಣ. ನನಗೆ ಸ್ವಲ್ಪ ಹೊಟ್ಟೆ ಉರಿದದ್ದು ಇಲ್ಲೇ.

ಮ್ಯಾಪ್ ತೆಗೆದು ನೋಡಿ. ಲಕ್ಷ್ಮಣತೀರ್ಥ ಹುಣಸೂರಿನ ಮೇಲೆ ಹಾದು ಕನ್ನಂಬಾಡಿ ಕಟ್ಟೆಗೆ ಸೇರುತ್ತದೆ. ಕಾವೇರಿ ಪಿರಿಯಾಪಟ್ಟಣದ ಅಂಚು ಸವರಿ, ಕೆ.ಆರ್.ನಗರದ ಚುಂಚನಕಟ್ಟೆಯಲ್ಲಿ ಧುಮುಕಿ ಅದೇ ಕಟ್ಟೆಗೆ ಬರುತ್ತಾಳೆ. ಎಚ್.ಡಿ.ಕೋಟೆಯ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ನಮ್ಮ ನಾಲ್ಕೂ ತಾಲ್ಲೂಕಿನ ಹೊಳೆಗಳ ನೀರು ಒಂದಾಗಿ ಮುಂದೆ ಹೋಗಿ ಬೀಳುವುದು ಎಲ್ಲಿ? ಶಿವನಸಮುದ್ರದಲ್ಲಿ.

ಶಿವನಸಮುದ್ರದ ವಿದ್ಯುತ್ ಕೇಂದ್ರ ಶುರುವಾದದ್ದು 1902ರ ಜೂನ್ 30ರಂದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹಾಕಿದ ಯೋಜನೆ, ಅದು ಉರಿಯುವುದನ್ನು ನೋಡಲು ಅವರು ಉಳಿಯಲಿಲ್ಲ, 1901ರಲ್ಲೇ ತೀರಿಕೊಂಡರು. ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರ. ಆ ಕಾಲಕ್ಕೆ ಅಷ್ಟು ಉದ್ದದ ಲೈನು ಎಳೆಯುವುದೇ ಲೋಕದ ಸುದ್ದಿ. ಆಮೇಲೆ 1905ರಲ್ಲಿ ಬೆಂಗಳೂರು. 1908ರಲ್ಲಿ ಮೈಸೂರು.

ನಮ್ಮ ಮನೆಗೆ? 1984ರಲ್ಲಿ.

ಹುಣಸೂರಿನಿಂದ ಶಿವನಸಮುದ್ರಕ್ಕೆ ರಸ್ತೆ ಮೇಲೆ ಸುಮಾರು 120 ಕಿಲೋಮೀಟರ್. ಕೋಲಾರದ ಗಣಿಗಿಂತ ಹತ್ತಿರ! ನಮ್ಮ ಹೊಳೆಯ ನೀರು ತಿರುಗಿಸಿದ ಚಕ್ರದ ಬೆಳಕು ನಮ್ಮ ನಡುಮನೆಗೆ ಬರಲು 82 ವರ್ಷ ಬೇಕಾಯಿತು. ಇಂಜಿನಿಯರ್ ಆಗಿ ನೋಡಿದರೆ ಕಾರಣ ಅರ್ಥವಾಗುತ್ತದೆ. ಗಣಿಯವರು ಹಗಲು ರಾತ್ರಿ ಒಂದೇ ಸಮ ಕರೆಂಟು ಕೊಳ್ಳುತ್ತಿದ್ದರು, ತಿಂಗಳು ತಿಂಗಳು ದುಡ್ಡು ಕೊಡುತ್ತಿದ್ದರು. ಅಂಥ ಗಿರಾಕಿ ಇಲ್ಲದಿದ್ದರೆ ಯೋಜನೆಯೇ ನಿಲ್ಲುತ್ತಿರಲಿಲ್ಲ. ದೂರದೂರ ಚದುರಿದ ಹಳ್ಳಿಗೆ ಕಂಬ ನೆಟ್ಟು ತಂತಿ ಎಳೆದು, ಮನೆಗೊಂದು ಬಲ್ಬು ಹಾಕಿದರೆ ಯಾವ ಲೆಕ್ಕದಲ್ಲೂ ಲಾಭ ಬರುವುದಿಲ್ಲ. ಲೆಕ್ಕ ಸರಿ. ಆದರೆ ಆ 82 ವರ್ಷವೂ ಸಂಜೆ ಹೊತ್ತು ಯಾರೋ ಒಬ್ಬರು ಗಾಜು ತಿಕ್ಕುತ್ತಿದ್ದರು ಅನ್ನುವುದು ಆ ಲೆಕ್ಕದಲ್ಲಿ ಇಲ್ಲ.

ನದಿ ನಮ್ಮಿಂದ ತೆಗೆದುಕೊಂಡದ್ದೂ ಇದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿಯಿತು. ಮಂಡ್ಯಕ್ಕೆ ನೀರು ಕೊಡುವುದರ ಜೊತೆಗೆ ಬೇಸಿಗೆಯಲ್ಲೂ ಶಿವನಸಮುದ್ರದ ಯಂತ್ರಗಳಿಗೆ ನೀರು ತಪ್ಪದ ಹಾಗೆ ನೋಡಿಕೊಳ್ಳುವುದು ಆ ಕಟ್ಟೆಯ ಮುಖ್ಯ ಉದ್ದೇಶಗಳಲ್ಲೊಂದು. ಕೆ.ಆರ್.ನಗರ ಅನ್ನುವ ಊರೇ ಹೊಳೆಗೆ ಹೆದರಿ ಹುಟ್ಟಿದ್ದು. ಹಳೇ ಎಡತೊರೆಗೆ ಕಾವೇರಿಯ ನೆರೆ ನುಗ್ಗುತ್ತಿತ್ತು ಅಂತ 1925-30ರ ಸುಮಾರಿಗೆ ಸ್ವಲ್ಪ ದೂರದಲ್ಲಿ ಅಗಲ ಬೀದಿಗಳ ಹೊಸ ಊರು ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು.

ಎಚ್.ಡಿ.ಕೋಟೆಯದ್ದು ಬೇರೆಯೇ ಕಥೆ. ಬೀಚನಹಳ್ಳಿಯ ಹತ್ತಿರ ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಹಲವು ಹಳ್ಳಿಗಳು, ಕಾಕನಕೋಟೆ ಕಾಡಿನ ಒಂದು ದೊಡ್ಡ ಭಾಗ ಹಿನ್ನೀರಿನಲ್ಲಿ ಮುಳುಗಿದವು. 1971ರ ತನಕ ಆನೆ ಹಿಡಿಯುವ ಖೆಡ್ಡಾ ನಡೆದ ಕಾಡು ಅದು. ನಮ್ಮ ಅಜ್ಜಿಯ ತವರೂ ಮುಳುಗಿತು. "ಬಾವಿ ಕಟ್ಟೆ ಮೇಲೆ ಕೂತ್ಕಂಡು ಗಾಜು ತಿಕ್ತಿದ್ದೆ, ನಾನಿನ್ನೂ ಚಿಕ್ಕೋಳು. ಆ ಬಾವೀನೂ ಈಗ ನೀರೊಳ್ಗೇ ಅದೆ" ಅಂದಳು. ನೀರೊಳಗಿನ ಬಾವಿ. ನನಗೆ ಏನು ಹೇಳಬೇಕೋ ತೋಚಲಿಲ್ಲ.

ತವರು ಮುಳುಗಿದ ವರ್ಷ ಅಜ್ಜಿಯ ಈ ಮನೆಯಲ್ಲಿ ಉರಿಯುತ್ತಿದ್ದದ್ದು ಲಾಟೀನು. ಇನ್ನೂ ಹತ್ತು ವರ್ಷ ಅದೇ ಉರಿಯಿತು. ಅಪ್ಪ 1982ರಲ್ಲಿ ಎಸ್ಸೆಸ್ಸೆಲ್ಸಿಗೆ ಓದಿದ್ದೂ ಅದರಲ್ಲೇ. ನಾನು ಲೆಕ್ಕ ಹಾಕಿದೆ: 1964ರಿಂದ 1984, ಇಪ್ಪತ್ತು ವರ್ಷ, ದಿನಕ್ಕೆ ಎರಡು ಲಾಟೀನು. ಹದಿನಾಲ್ಕು ಸಾವಿರದ ಆರುನೂರು ಸಲ! ಅಜ್ಜಿಗೆ ಹೇಳಿದರೆ "ಯಾರ್ ಲೆಕ್ಕ ಇಟ್ಟಿದ್ರು ಬುಡು" ಅಂದಳು.

ನಮ್ಮ ಪಕ್ಕದ ಕೇರಿಗೆ ಕರೆಂಟು ಬಂದದ್ದು ಭಾಗ್ಯಜ್ಯೋತಿಯಲ್ಲಿ. ಬಡವರ ಮನೆಗೆ ಒಂದು ದೀಪ ಕೊಡುವ ಈ ಯೋಜನೆ ಕರ್ನಾಟಕದಲ್ಲಿ ಶುರುವಾದದ್ದು 1979-80ರಲ್ಲಿ. ಅದೇ ಥರದ ಕುಟೀರ ಜ್ಯೋತಿಯನ್ನು ಕೇಂದ್ರ ಸರ್ಕಾರ 1988-89ರಲ್ಲಿ ತಂದಿತು. ಒಂದು ಮನೆಗೆ ಒಂದು ಹೋಲ್ಡರು, ಒಂದು ಬಲ್ಬು. ಗಾಜಿನ ಬೋಗುಣಿ ಇಲ್ಲ. ಬಲ್ಬಿನ ಮೇಲೆ ಗಾಜು ಇರುವುದು ಅಂದರೆ ಅನುಕೂಲಸ್ಥರ ಲಕ್ಷಣ. ಲಾಟೀನಿನ ಕಾಲದಲ್ಲಿ ಗಾಜು ಇದ್ದವರ ಮನೆ, ಇಲ್ಲದವರ ಮನೆ ಅಂತ ಇದ್ದ ಭೇದ ಕರೆಂಟಿನ ಜೊತೆಗೂ ಬಂತು ನೋಡಿ. ಎಚ್.ಡಿ.ಕೋಟೆಯ ಕಾಡಂಚಿನ ಜೇನುಕುರುಬರ ಕೆಲವು ಹಾಡಿಗಳಲ್ಲಿ ಲೈನು ಬರುವ ಮೊದಲೇ ಸೋಲಾರ್ ದೀಪ ಬಂತು. ಈಗ 2023ರಿಂದ ಗೃಹಜ್ಯೋತಿ ಇದೆ, 200 ಯೂನಿಟ್ ಒಳಗಿದ್ದರೆ ನಮ್ಮ ಮನೆಗೂ ಬಿಲ್ಲು ಸೊನ್ನೆ.

ಸರಿ, ನಮ್ಮ ಗಾಜಿನ ಬೋಗುಣಿಗೆ ಬರೋಣ. 1984ರಲ್ಲಿ ಕರೆಂಟು ಬಂದಾಗ ತಾತ ಮೈಸೂರಿಗೆ ಹೋಗಿ, ಹುಲ್ಲಲ್ಲಿ ಸುತ್ತಿಸಿಕೊಂಡು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದರಂತೆ. ಊರವರು ನೋಡೋಕೆ ಬಂದಿದ್ದರಂತೆ. ಬಲ್ಬಿಗೆ ಗಾಜು ಬೇಕಾದದ್ದು ಗಾಳಿಗಲ್ಲ, ಕಣ್ಣು ಕುಕ್ಕಬಾರದು ಅಂತ. ಒಂದು ಚುಕ್ಕೆಯಿಂದ ಬರುವ ಬೆಳಕನ್ನು ಅದು ಎಲ್ಲಾ ಕಡೆ ಹರಡುತ್ತದೆ. ಇದು ಮಸಿಯಿಂದ ಕಪ್ಪಾಗುವುದಿಲ್ಲ, ಹಾಗಾಗಿ ದಿನಾ ತೊಳೆಯಬೇಕಿಲ್ಲ. ತೊಂದರೆ ಇರುವುದೂ ಅಲ್ಲೇ. ದಿನಾ ಮಾಡುವ ಕೆಲಸಕ್ಕೆ ಮನೆಯಲ್ಲಿ ಒಬ್ಬರು ಇರುತ್ತಾರೆ. ವರ್ಷಕ್ಕೊಮ್ಮೆ ಮಾಡುವ ಕೆಲಸ ಯಾರದ್ದೂ ಅಲ್ಲ. ಧೂಳು ದಿನಕ್ಕಿಷ್ಟು ಅಂತ ಕೂರುತ್ತದೆ, ಬೆಳಕು ದಿನಕ್ಕಿಷ್ಟು ಅಂತ ಇಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ದೀಪಾವಳಿಗೊಮ್ಮೆ ಅದನ್ನೂ ಅಜ್ಜಿಯೇ ಇಳಿಸಿ ತೊಳೆಯುತ್ತಿದ್ದಳಂತೆ. ಎಂಟು ವರ್ಷದ ಹಿಂದೆ ಅವಳ ಮಂಡಿ ಹೋಯಿತು. ಸ್ಟೂಲು ಹತ್ತಬೇಡ ಅಂತ ನಾವೇ ಬೈದಿದ್ದೆವು. ಆಮೇಲೆ ಯಾರೂ ಹತ್ತಲಿಲ್ಲ.

ಮಾರನೇ ದಿನ ಬೆಳಗ್ಗೆ ನಾನು ಹತ್ತಿದೆ. ನಿಮ್ಮ ಮನೆಯಲ್ಲೂ ಇಂಥದ್ದು ಇದ್ದರೆ ಉಪಯೋಗಕ್ಕೆ ಬರಲಿ ಅಂತ ಹೇಗೆ ಅಂತ ಹೇಳುತ್ತೇನೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಗೋಡೆಯ ಸ್ವಿಚ್ಚು ಮಾತ್ರ ಆರಿಸಿದರೆ ಸಾಲದು. ಹಳೇ ಮನೆಗಳ ವೈರಿಂಗಿನಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ ತಂತಿಗೆ ಇದ್ದರೆ ದೀಪ ಆರಿದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ದೀಪ ಆಗತಾನೇ ಉರಿಯುತ್ತಿದ್ದರೆ ತಣ್ಣಗಾಗಲು ಬಿಡಿ. ಗಾಜಿನ ಕತ್ತಿನ ಸುತ್ತ ಮೂರು ತಿರುಪುಗಳಿರುತ್ತವೆ. ಒಂದು ಅಂಗೈಯನ್ನು ಗಾಜಿನ ಅಡಿಗೆ ಪೂರ್ತಿ ಕೊಟ್ಟು ಭಾರ ಹೊತ್ತುಕೊಂಡು ಇನ್ನೊಂದು ಕೈಯಲ್ಲಿ ತಿರುಪು ಸಡಿಲಿಸಿ. ಮೂರನ್ನೂ ಪೂರ್ತಿ ತೆಗೆಯಬೇಕಿಲ್ಲ. ಒಂದನ್ನು ಚೆನ್ನಾಗಿ ಹಿಂದಕ್ಕೆ ತಿರುಗಿಸಿ ಇನ್ನೆರಡನ್ನು ಸ್ವಲ್ಪ ಸಡಿಲ ಮಾಡಿದರೆ ಗಾಜು ಓರೆಯಾಗಿ ಕೈಗೆ ಇಳಿಯುತ್ತದೆ. ಕೆಳಗೆ ಒಬ್ಬರು ನಿಂತು ಈಸಿಕೊಳ್ಳಲಿ.

ನಮ್ಮದರಲ್ಲಿ ಎರಡು ತಿರುಪು ಬಂದವು, ಮೂರನೆಯದು ತುಕ್ಕು ಹಿಡಿದು, ಅದರ ಮೇಲೆ ಸುಣ್ಣ ಕೂತು ಅಲ್ಲಾಡಲೇ ಇಲ್ಲ. ನಾನು ಇಕ್ಕಳ ತಗೊಂಡೆ. ಕೆಳಗಿಂದ ಅಜ್ಜಿ "ಬ್ಯಾಡ ಕಣ್ಲಾ, ಗಾಜ್ ಹೋಯ್ತದೆ. ಎಣ್ಣೆ ಬುಟ್ಟು ಸುಮ್ನಿರು, ತಿಂಡಿ ತಿನ್ಕಂಡ್ ಬಾ" ಅಂದಳು. ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಇಳಿದು, ರೊಟ್ಟಿ ತಿಂದು ಬಂದೆ. ಬೆರಳಲ್ಲೇ ತಿರುಗಿತು! ನಾಲ್ಕು ವರ್ಷದ ಡಿಗ್ರಿಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಗಾಜಿನೊಳಗೆ ಎಂಟು ಮಳೆಗಾಲದ ದೀಪದ ಹುಳಗಳು ಒಂದು ಬೆರಳು ದಪ್ಪ ಕೂತಿದ್ದವು, ಅವುಗಳ ರೆಕ್ಕೆ, ಧೂಳು, ಅಡುಗೆಯ ಜಿಡ್ಡು. ಕಸ ಕೊಡವಿ, ಬಕೆಟ್ಟಿನ ತಳಕ್ಕೆ ಬಟ್ಟೆ ಹಾಸಿ ಉಗುರು ಬೆಚ್ಚಗಿನ ನೀರಿನಲ್ಲಿ ಸೋಪು ಕದಡಿ ನೆನೆಹಾಕಿದೆ. ಅಜ್ಜಿ ಹತ್ತಿರ ಮಣೆ ಎಳೆದುಕೊಂಡು ಕೂತಳು. "ನೀ ತಿಕ್ಕೋದು ಸರಿಯಿಲ್ಲ, ಕೊಡಿಲ್ಲಿ" ಅಂತ ಕಿತ್ತುಕೊಂಡಳು. ಗಾಜನ್ನು ಮಡಿಲಲ್ಲಿ ಇಟ್ಟುಕೊಂಡು, ಒಂದು ಕೈ ಒಳಗೆ, ಒಂದು ಕೈ ಹೊರಗೆ, ಬಟ್ಟೆಯನ್ನು ಸುತ್ತಿಸುತ್ತಾ ತಿಕ್ಕಿದಳು. ಕಣ್ಣು ಗಾಜಿನ ಮೇಲೆ ಇರಲೇ ಇಲ್ಲ. ಬೇಕಾಗಿರಲಿಲ್ಲ. ಹದಿನಾಲ್ಕು ಸಾವಿರದ ಆರುನೂರು ಸಲ ಮಾಡಿದ ಕೈ.

ಗಾಜು ಕಂದು ಬಣ್ಣದ್ದಲ್ಲ. ಹಾಲಿನ ಹಾಗೆ ಬಿಳಿ. ಅಂಚಿನಲ್ಲಿ ಸುತ್ತಲೂ ನೀಲಿ ಹೂವಿನ ಸಣ್ಣ ಬಳ್ಳಿ. ಆ ಬಳ್ಳಿ ಇರುವುದು ನನಗೆ ಗೊತ್ತೇ ಇರಲಿಲ್ಲ. "ನಿಮ್ ತಾತ ಈ ಹೂ ನೋಡೇ ತಂದಿದ್ದು" ಅಂದಳು ಅಜ್ಜಿ.

ಪೂರ್ತಿ ಒಣಗಿಸಿ, ತಿರುಪುಗಳನ್ನು ಗಾಜು ಅಲ್ಲಾಡದಷ್ಟು ಮಾತ್ರ ಬಿಗಿದೆ. ಬಲವಾಗಿ ಬಿಗಿದರೆ ಬಿಸಿಗೆ ಗಾಜು ಹಿಗ್ಗಲು ಜಾಗ ಇಲ್ಲದೆ ಸೀಳುತ್ತದೆ. ಸಂಜೆ ದೀಪ ಹಾಕಿದಾಗ ಅವ್ವ ಅಡುಗೆಮನೆಯಿಂದ ಬಂದು "ಬಲ್ಬು ಬದ್ಲಾಯ್ಸಿದ್ಯಾ?" ಅಂತ ಕೇಳಿದಳು. ಇಲ್ಲ, ಅದೇ 9 ವ್ಯಾಟ್.

ಆಮೇಲೆ ಓದಿದಾಗ ಇನ್ನೊಂದು ವಿಷಯ ತಿಳಿಯಿತು. 60 ವರ್ಷದವರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕು 20 ವರ್ಷದವರಿಗೆ ಮುಟ್ಟುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಪೊರೆ ತೆಗೆಸಿದರೆ ಹೊಸ ಮಸೂರ ಬರುತ್ತದೆ, ಕಿರಿದಾದ ಪಾಪೆ ಹಾಗೇ ಉಳಿಯುತ್ತದೆ. ಅಂದರೆ ದೀಪ ಸ್ವಲ್ಪ ಮಂದವಾದರೆ ನಮಗಿಂತ ಮೊದಲು ಗೊತ್ತಾಗುವುದು ಅವರಿಗೆ. ನಾವು ಅದನ್ನೇ ಅವರ ಕಣ್ಣಿನ ದೋಷ ಅಂತ ಹಾಕಿಬಿಡುತ್ತೇವೆ. ಎಷ್ಟೋ ದಿನದಿಂದ ಅಜ್ಜಿ ಸರಿಯಾಗಿಯೇ ಹೇಳುತ್ತಿದ್ದಳು. ದೀಪದ ಗಾಜಿನ ಬಗ್ಗೆ ಆ ಮನೆಯಲ್ಲಿ ಅವಳಷ್ಟು ತಿಳಿದವರು ಇನ್ಯಾರೂ ಇರಲಿಲ್ಲ, ನಾವು ಯಾರೂ ಕೇಳಿಸಿಕೊಳ್ಳಲಿಲ್ಲ ಅಷ್ಟೇ.

ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಸೂರಿಗೆ ಅಂಟಿದ ಎಲ್‌ಇಡಿ ಪ್ಯಾನೆಲ್ಲು. ತೆಗೆಯಲು ಗಾಜಿಲ್ಲ, ತಿರುಪು ಕಾಣುವುದಿಲ್ಲ. ಹಾಳಾದರೆ ಇಡಿಯಾಗಿ ಕಿತ್ತು ಎಸೆದು ಹೊಸದು ಹಾಕುವುದು. ತೊಳೆಯುವ ಕೆಲಸ ಯಾರಿಗೂ ಇಲ್ಲ. ಒಳ್ಳೆಯದೇ. ಅಜ್ಜಿಯ ಇಪ್ಪತ್ತು ವರ್ಷದ ಸಂಜೆಗಳು ಇನ್ಯಾರಿಗೂ ಬೇಡ.

ಆದರೂ ಈಗ ಮೊಬೈಲಿನಲ್ಲಿ ಒಂದು ರಿಮೈಂಡರ್ ಹಾಕಿಟ್ಟಿದ್ದೇನೆ. ವರ್ಷಕ್ಕೊಮ್ಮೆ, ದೀಪಾವಳಿಗೆ ಒಂದು ವಾರ ಮೊದಲು: "ಗಾಜು".

ಹೊರಡುವ ಹಿಂದಿನ ರಾತ್ರಿ ಅಜ್ಜಿ ಮತ್ತೆ ಮೊರ ಹಿಡಿದು ಕೂತಿದ್ದಳು. ಆರಿಸಿ ಮುಗಿಸಿ ಅವ್ವನ ಕೈಗೆ ಕೊಟ್ಟಳು. ಅವ್ವ ಮೊರವನ್ನು ದೀಪದ ಕೆಳಗೆ ಹಿಡಿದು ಒಮ್ಮೆ ನೋಡಿ, ಹುರುಳಿಯನ್ನು ಸೀದಾ ನೆನೆಯಲು ಹಾಕಿದಳು.

ನಿಮ್ಮ ಮನೆಯಲ್ಲೂ ದೊಡ್ಡವರು ಯಾರಾದರೂ "ಯಾಕೋ ಕತ್ತಲೆ" ಅಂತಿದ್ದರೆ ಒಂದು ಸಲ ಸ್ಟೂಲು ಹತ್ತಿ ನೋಡಿ. ಮೇನ್ ಆಫ್ ಮಾಡೋದು ಮಾತ್ರ ಮರೀಬೇಡಿ.